ಆರ್ವಿಡ್ ನೆಲಮಾಳಿಗೆಗೆ ಇಳಿದ ದಿನ

ಡ್ರೈಯರ್ ಪೂರ್ತಿ ಒಂದು ಗಂಟೆ ತಿರುಗಿ ನಿಂತಿತ್ತು. ಕಾರ್ಲಾ ಬಾಗಿಲು ತೆಗೆದು ಕೈ ಹಾಕಿದರೆ ಒಳಗಿನ ಬಟ್ಟೆ ತಣ್ಣಗೆ, ಆಗಷ್ಟೇ ಒಗೆದು ತೆಗೆದ ಹಾಗೆಯೇ ಇತ್ತು. ಮೂರು ದಿನದಿಂದ ಇದೇ ಕತೆ. ಡ್ರಮ್ಮು ಗಡಗಡ ಸದ್ದು ಮಾಡುತ್ತ ತಿರುಗುತ್ತದೆ, ಗಾಳಿಯೂ ಬೀಸುತ್ತದೆ, ಶಾಖ ಮಾತ್ರ ಹುಟ್ಟುವುದಿಲ್ಲ. ಹೊರಗೆ ಹಗ್ಗಕ್ಕೆ ಹಾಕೋಣವೆಂದರೆ ಅಮೆರಿಕದ ಉತ್ತರ ಅಂಚಿನ ಡುಲೂತ್ ಊರಿನ ಜನವರಿ. ಸರೋವರದ ಕಡೆಯಿಂದ ಬರುವ ಗಾಳಿಗೆ ಹಸಿ ಬಟ್ಟೆ ಹತ್ತೇ ನಿಮಿಷಕ್ಕೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಆ ದಿನ ಚಳಿ ಎಷ್ಟು ವಿಪರೀತವಾಗಿತ್ತೆಂದರೆ ಮಕ್ಕಳು ಬಸ್ಸಿಗೆ ಕಾಯುವುದು ಅಪಾಯವೆಂದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಕಾರ್ಲಾಗೂ ಹಾಗಾಗಿ ರಜೆ.

ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೇಲೆ ಬಂದು, ಹಾಸಿಗೆಯ ಹಾಸುಗಳನ್ನು ಒಂದೊಂದಾಗಿ ಬಾಗಿಲುಗಳ ಮೇಲೆ, ಕುರ್ಚಿಗಳ ಬೆನ್ನಿಗೆ, ಮೆಟ್ಟಿಲ ಕಟಾಂಜನಕ್ಕೆ ಹರವಿದಳು. ನಿನ್ನೆಯವು ಇನ್ನೂ ಅಲ್ಲೇ ಇದ್ದವು. ಮನೆಯೊಳಗೆ ಎಲ್ಲಿ ತಿರುಗಿದರೂ ಬಿಳಿ ಬಟ್ಟೆ ಮುಖಕ್ಕೆ ತಾಗುತ್ತಿತ್ತು.

ಆ ಹಾಸುಗಳೆಲ್ಲ ಆರ್ವಿಡ್ ಕಾಂಗಸ್‌ನವು.

ಆರ್ವಿಡ್‌ಗೆ ಎಪ್ಪತ್ತೆರಡು. ನಲವತ್ತು ವರ್ಷ ಅದೇ ಊರಿನಲ್ಲಿ ಮನೆಮನೆಗೆ ಹೋಗಿ ಬಟ್ಟೆ ಒಗೆಯುವ, ಒಣಗಿಸುವ ಯಂತ್ರಗಳನ್ನು ರಿಪೇರಿ ಮಾಡಿದವನು. ಅಕ್ಟೋಬರಿನಲ್ಲಿ ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡು ಬಿದ್ದ. ಪ್ರಾಣ ಉಳಿಯಿತು. ಬಲಗೈ ಸೋತಿತು, ಬಲಗಾಲು ಅರ್ಧ ಸೋತಿತು, ರಾತ್ರಿ ನಿದ್ದೆಯಲ್ಲಿ ಮೂತ್ರದ ಹಿಡಿತ ತಪ್ಪುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ಬೇರೆಯವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ತಾನು ಹೇಳಬೇಕೆಂದ ಮಾತು ಮಾತ್ರ ಬಾಯಿಗೆ ಬರುವ ಹೊತ್ತಿಗೆ ಬೇರೆಯೇ ಆಗಿ ಹೊರಬೀಳುತ್ತಿತ್ತು. ಕಾಫಿ ಬೇಕಾದಾಗ "ಕಿಟಕಿ" ಅನ್ನುತ್ತಿದ್ದ. ಮೊದಮೊದಲು ಕಾರ್ಲಾ ಓಡಿಹೋಗಿ ಕಿಟಕಿ ಹಾಕುತ್ತಿದ್ದಳು. ಆಮೇಲೆ ಗೊತ್ತಾಗಿ, "ಕಿಟಕಿಗೆ ಹಾಲು ಹಾಕ್ಲಾ, ಹಾಗೇ ಕೊಡ್ಲಾ?" ಎಂದು ಕೇಳತೊಡಗಿದಳು. ಬೈಗುಳಗಳು ಮಾತ್ರ ಒಂದಕ್ಷರವೂ ತಪ್ಪದೆ ಬರುತ್ತಿದ್ದವು. ಅದು ಹಾಗೆಯೇ, ಬೈಗುಳ ತಲೆಯ ಬೇರೆ ಮೂಲೆಯಲ್ಲಿರುತ್ತದೆ ಎಂದು ಮಾತು ಕಲಿಸಲು ಬರುವ ಹುಡುಗಿ ಹೇಳಿದ್ದಳು.

ಕಾರ್ಲಾ ಅವನ ಮಗಳಲ್ಲ. ಒಂದು ಕಾಲಕ್ಕೆ ಸೊಸೆಯಾಗಿದ್ದಳು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಮೇಲೆ ಅವನ ಮಗ ಕರ್ಟಿಸ್ ಇನ್ನೊಬ್ಬಳ ಜೊತೆ ಆರಿಜೋನಾಗೆ ಹೋಗಿ ಅಲ್ಲಿಯೇ ಉಳಿದ. ವಿಚ್ಛೇದನವಾಗಿ ನಾಲ್ಕು ವರ್ಷವಾಗಿತ್ತು. ಆರ್ವಿಡ್ ಬಿದ್ದಾಗ ಆಸ್ಪತ್ರೆಯವರು ಫೋನ್ ಮಾಡಿದ್ದಕ್ಕೆ ಕರ್ಟಿಸ್, "ಯಾವುದಾದ್ರೂ ಒಳ್ಳೆ ವೃದ್ಧಾಶ್ರಮ ನೋಡಿ ಸೇರಿಸಿ" ಎಂದನಂತೆ. ಸುದ್ದಿ ಕಿವಿಗೆ ಬಿದ್ದ ಕಾರ್ಲಾ ಆಸ್ಪತ್ರೆಗೆ ಹೋಗಿ, ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು.

ಕಾಗದಪತ್ರ ಬರೆದುಕೊಳ್ಳುವ ಹೆಂಗಸು ತಲೆಯೆತ್ತದೆ ಕೇಳಿದಳು: "ನೀವು ಇವರಿಗೆ ಏನಾಗಬೇಕು?"

"ಸೊಸೆ ಆಗಿದ್ದೆ."

"ಆಗಿದ್ದೆ ಅಂದ್ರೆ?"

"ಇವರ ಮಗ ನನ್ನ ಬಿಟ್ಟು ಹೋದ. ಇವರು ಹೋಗ್ಲಿಲ್ಲ."

ಆ ಹೆಂಗಸು ಆಗ ತಲೆಯೆತ್ತಿ ನೋಡಿದಳು. ಕಾಗದವನ್ನು ಮುಂದೆ ಸರಿಸಿ ಸಹಿ ಹಾಕುವ ಜಾಗ ತೋರಿಸಿದಳು.

ಹೀಗೆ ಆರ್ವಿಡ್ ಅವಳ ಮನೆಯ ನೆಲ ಅಂತಸ್ತಿನ ಕೋಣೆಗೆ ಬಂದ. ಅವನ ಹಳೆಯ ರಿಪೇರಿ ವ್ಯಾನು ಅವಳ ಗ್ಯಾರೇಜಿಗೆ ಬಂತು.

ಅವತ್ತು ಬೆಳಿಗ್ಗೆ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, ಚಳಿಗೆ ಊರಿಡೀ ಏನೇನೋ ಕೆಟ್ಟಿದೆ, ನಿಮ್ಮ ಸರದಿ ಮುಂದಿನ ವಾರದ ಗುರುವಾರ ಎಂದರು. "ಹಾಗಾದ್ರೆ ಲಾಂಡ್ರಿಗೆ ಹೊತ್ಕೊಂಡು ಹೋಗ್ತೀನಿ ಬಿಡಿ" ಎಂದು ಕಾರ್ಲಾ ಫೋನ್ ಇಟ್ಟಳು. ತಿರುಗಿ ನೋಡಿದರೆ ಆರ್ವಿಡ್ ತನ್ನ ಕೋಣೆಯ ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದಾನೆ. ಬಾಗಿಲ ಮೇಲೆ ಇಳಿಬಿದ್ದಿದ್ದ ಹಾಸನ್ನು ಎಡಗೈಯಿಂದ ಎಳೆದು ಕೆಳಗೆ ಹಾಕಿದ. ಕುರ್ಚಿಯ ಮೇಲಿನದನ್ನೂ ಎಳೆದ. ಅದನ್ನು ಉಂಡೆ ಮಾಡಿ ಎದೆಗೆ ಒತ್ತಿಕೊಂಡ. ಒಣಗದ ಬಟ್ಟೆಯ ನೀರು ಅಂಗಿಯ ತುಂಬ ಹರಿಯಿತು.

"ಅಯ್ಯೋ, ಏನ್ ಮಾಡ್ತಿದೀರ? ನೆನೆದುಹೋಗ್ತೀರಲ್ಲ!"

"ಹಾಳಾಗ್ ಹೋಗ್ಲಿ!" ಎಂದ ಸ್ಪಷ್ಟವಾಗಿ. ಮುಖ ಕೆಂಪಾಗಿತ್ತು. ಬೆರಳು ತೋರಿಸಿದ್ದು ನೆಲಮಾಳಿಗೆಯ ಬಾಗಿಲಿನ ಕಡೆಗೆ.

"ಕೆಳಗಾ? ಆಗಲ್ಲ ಆರ್ವಿಡ್. ಹದಿಮೂರು ಮೆಟ್ಟಿಲಿದೆ."

ಆತ ಎದೆಯ ಮೇಲಿನ ಬಟ್ಟೆಯನ್ನು ತೋರಿಸಿದ, ತನ್ನನ್ನು ತೋರಿಸಿಕೊಂಡ, ಮತ್ತೆ ಬಾಗಿಲನ್ನು ತೋರಿಸಿದ. ಕಣ್ಣು ತುಂಬಿತ್ತು. ನಲವತ್ತು ವರ್ಷ ಊರಿನ ಬಟ್ಟೆಯೆಲ್ಲ ಒಣಗುವಂತೆ ನೋಡಿಕೊಂಡವನ ಹಾಸು ಮೂರು ದಿನದಿಂದ ಹೋಗಿಬರುವವರ ಕಣ್ಣೆದುರು ತೂಗುತ್ತಿದೆ ಎನ್ನುವುದು ಕಾರ್ಲಾಗೆ ಆಗ ಹೊಳೆಯಿತು. ಅವಳು ಅವನ ಅಂಗಿ ಬದಲಿಸಿ, ನೆಲಮಾಳಿಗೆಯ ದೀಪ ಹಾಕಿದಳು.

ಇಳಿಯುವ ದಾರಿ ಅವನೇ ಕಂಡುಕೊಂಡ. ಮೊದಲ ಮೆಟ್ಟಿಲ ಮೇಲೆ ಕುಳಿತು, ಚಿಕ್ಕ ಮಗುವಿನ ಹಾಗೆ ಒಂದೊಂದೇ ಮೆಟ್ಟಿಲು ಜಾರಿದ. ಕಾರ್ಲಾ ಅವನಿಗೆ ಎದುರಾಗಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಇಳಿದಳು.

"ನೀವು ಬಿದ್ರೆ ನನ್ನ ಮೇಲೇ ಬೀಳ್ತೀರ, ನೆನಪಿರ್ಲಿ. ನಾನು ಸತ್ತುಹೋದ್ರೆ ನಾಳೆ ನಿಮಗೆ ಗಂಜಿ ಬೇಯಿಸೋರು ಯಾರು?"

"ಕಿಟಕಿ," ಎಂದ ಆರ್ವಿಡ್ ಏದುಸಿರು ಬಿಡುತ್ತ.

"ಹೂಂ, ಕಾಫಿ ಮಾಡೋರೂ ಇರಲ್ಲ."

ಕೆಳಗೆ ಬಣ್ಣದ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ, ಮೇಲೊಂದು ದಿಂಬಿಟ್ಟು ಅವನನ್ನು ಡ್ರೈಯರಿನ ಎದುರು ಕೂರಿಸಿದಳು. ಅಲ್ಲಿ ಕೂತ ಗಳಿಗೆಯಿಂದ ಅವನ ಬೆನ್ನು ನೆಟ್ಟಗಾಯಿತು. ಮನೆ ಬಿಸಿ ಮಾಡುವ ಹೀಟರ್ ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಆತ ಅದನ್ನು ತೋರಿಸಿದ, ಅಲ್ಲಿಂದ ಚಾವಣಿಯಗುಂಟ ಬರುವ ಗ್ಯಾಸಿನ ಪೈಪನ್ನು ಬೆರಳಿನಿಂದ, ಅದೇ ಗ್ಯಾಸಿನಲ್ಲಿ ಕಾಯುವ ಡ್ರೈಯರಿನವರೆಗೆ ಎಳೆದು ತೋರಿಸಿದ.

"ಹೀಟರ್ ಉರೀತಿದೆ. ಅಂದ್ರೆ ಮನೆಗೆ ಗ್ಯಾಸ್ ಬರ್ತಿದೆ. ಅಷ್ಟೇ ತಾನೆ?"

ತಲೆಯಾಡಿಸಿದ. ಡ್ರೈಯರಿನ ಹಿಂದಿನ ನಲ್ಲಿಯನ್ನು ನೋಡಿಸಿದ. ಅದರ ಹಿಡಿ ಪೈಪಿನ ಉದ್ದಕ್ಕೇ ಇತ್ತು, ತೆರೆದಿದೆ ಎಂದರ್ಥ. ಮೂಗು ತೋರಿಸಿ ಅವಳಿಂದ ವಾಸನೆ ನೋಡಿಸಿದ. ಗ್ಯಾಸಿನ ವಾಸನೆಯಿರಲಿಲ್ಲ. ಆಮೇಲೆ ಬೆಳ್ಳಿ ಬಣ್ಣದ ದಪ್ಪ ಕೊಳವೆ ಗೋಡೆ ತೂರಿ ಹೊರಗೆ ಹೋಗುವ ಜಾಗ ತೋರಿಸಿ, ಕೈಯಿಂದ ಗಾಳಿ ಬೀಸಿದ.

"ಹೊರಗೆ ಹೋಗ್ಬೇಕಾ? ಈ ಚಳೀಲಾ?"

"ಮಂಗಳವಾರ," ಎಂದ. ಮುಖದಲ್ಲಿ ತುಸು ನಗುವಿತ್ತು.

ಕಾರ್ಲಾ ಯಂತ್ರ ಚಾಲೂ ಮಾಡಿ, ಕೋಟು, ಟೋಪಿ, ಬೂಟು ಎಲ್ಲ ಏರಿಸಿಕೊಂಡು ಮನೆಯನ್ನು ಅರ್ಧ ಸುತ್ತಿ ಮೊಣಕಾಲುದ್ದ ಹಿಮದಲ್ಲಿ ನಿಂತಳು. ಕೊಳವೆಯ ಬಾಯಿಯ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಿತ್ತು. ಗಾಳಿ ಜೋರಾಗಿಯೇ ಬರುತ್ತಿತ್ತು, ತಣ್ಣಗೆ. ನೆಲಮಾಳಿಗೆಯ ಸಣ್ಣ ಕಿಟಕಿಯ ಗಾಜು ಬಡಿದು, ಕೈಯನ್ನು ಹಕ್ಕಿಯ ರೆಕ್ಕೆಯಂತೆ ಆಡಿಸಿ ತೋರಿಸಿದಳು. ಒಳಗೆ ಆರ್ವಿಡ್ ಹೆಬ್ಬೆರಳು ಎತ್ತಿದ. ಕೊಳವೆ ಕಟ್ಟಿಲ್ಲ. ಹಾಗಾದರೆ ತೊಂದರೆ ಯಂತ್ರದೊಳಗೇ.

ಅವಳು ಒಳಗೆ ಬಂದು ಯಂತ್ರ ನಿಲ್ಲಿಸಿದ ಮೇಲೆ, ಚಪ್ಪಟೆ ಚಾಕು ತೂರಿಸಿ ಡ್ರೈಯರಿನ ಮುಂದಿನ ಕೆಳಗಿನ ತಗಡನ್ನು ಮೀಟಿ ತೆಗೆಯುವುದನ್ನು ಅವನು ಸನ್ನೆಯಲ್ಲೇ ಕಲಿಸಿದ. ಒಳಗೆ ಧೂಳು, ನೂಲಿನ ಹಿಂಜು, ಎಂದೋ ಕಳೆದುಹೋದ ಒಂದು ಗುಂಡಿ. ಅದರ ನಡುವೆ ಒಲೆಯ ಕೊಳವೆ, ಅದರ ಪಕ್ಕದಲ್ಲಿ ಬೆಂಕಿ ಹೊತ್ತಿಸುವ ಬೂದು ಬಣ್ಣದ ಕಡ್ಡಿ. ಹತ್ತಿಯಂಥ ಹಿಂಜನ್ನೆಲ್ಲ ಮೊದಲು ಬಳಿದು ತೆಗೆಸಿದ. ಆಮೇಲೆ ದೀಪ ಆರಿಸುವಂತೆ ತೋರಿಸಿದ. ಕಾರ್ಲಾ ಯಂತ್ರ ಚಾಲೂ ಮಾಡಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

ಅರೆಗತ್ತಲಲ್ಲಿ ಕಡ್ಡಿ ನಿಧಾನವಾಗಿ ಕೆಂಪಾಯಿತು, ಆಮೇಲೆ ಕಿತ್ತಳೆ, ಆಮೇಲೆ ಹೆಚ್ಚುಕಡಿಮೆ ಬಿಳಿ. ಇಬ್ಬರೂ ಉಸಿರು ಹಿಡಿದು ನೋಡಿದರು. ಅರ್ಧ ನಿಮಿಷದ ಮೇಲೆ ಕಟ್ ಎಂಬ ಒಂದು ಸದ್ದು. ಕಡ್ಡಿ ಮಂಕಾಗಿ ಆರಿತು. ಜ್ವಾಲೆ ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಂಪು, ಮತ್ತೆ ಕಿತ್ತಳೆ, ಕಟ್, ಮತ್ತೆ ಕತ್ತಲು.

"ದೋಣಿ ಇದೆ," ಎಂದ ಆರ್ವಿಡ್. ತಡಕಾಡಿ ಇನ್ನೊಂದು ಮಾತು ಹಿಡಿದ. "ಮೀನಿಲ್ಲ."

ಕಾರ್ಲಾ ಯೋಚಿಸಿದಳು. "ಕಡ್ಡಿ ಸರಿಯಾಗಿದೆ. ಆದ್ರೆ ಅದಕ್ಕೆ ಗ್ಯಾಸ್ ಸಿಕ್ತಿಲ್ಲ. ಹೌದಾ?"

ಆರ್ವಿಡ್ ಅವಳ ಬೆನ್ನಿಗೆ ಜೋರಾಗಿ ಒಂದು ಗುದ್ದು ಕೊಟ್ಟ. ತಾನು ಆಡಿದ ಮಾತು ಮೊದಲನೇ ಸಲಕ್ಕೇ ಒಬ್ಬರಿಗೆ ತಲುಪಿ ಮೂರು ತಿಂಗಳಾಗಿತ್ತು. ಟಾರ್ಚಿನ ಬೆಳಕು ಬಿಟ್ಟು ಒಲೆಯ ಹಿಂದಿನ ವಾಲ್ವನ್ನು ತೋರಿಸಿದ. ಅದರ ತಲೆಯ ಮೇಲೆ ಎರಡು ಕರಿಯ ಕಾಯಿಲ್‌ಗಳು ಅಕ್ಕಪಕ್ಕ ಕೂತಿದ್ದವು. ಅವಕ್ಕೆ ಕರೆಂಟು ಹೋದಾಗ ಗ್ಯಾಸಿನ ದಾರಿ ತೆರೆಯಬೇಕು. ಅವು ಸೋತಿದ್ದವು. ಅವನು ಎರಡು ಬೆರಳು ಎತ್ತಿದ, ಎರಡನ್ನೂ ಬದಲಿಸು ಎಂದು.

ಕಾರ್ಲಾ ತಕ್ಷಣ ಕೈ ಒಳಗೆ ಹಾಕಿದಳು.

"ಬೇಡ!"

ಅವಳ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಇಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡಿದರು. ಸರಿಯಾದ ಜಾಗಕ್ಕೆ ಸರಿಯಾದ ಮಾತು. ಆತ ಗೋಡೆಯ ಪ್ಲಗ್ಗನ್ನು ತೋರಿಸಿದ. ಅವಳು ಎದ್ದು ಪ್ಲಗ್ಗು ಕಿತ್ತಳು, ನಲ್ಲಿಯನ್ನೂ ತಿರುಗಿಸಿ ಮುಚ್ಚಿದಳು. ಆಮೇಲೆಯೇ ಅವನು ಸಮಾಧಾನವಾಗಿ ಕುಳಿತದ್ದು.

ಹೊಸ ಕಾಯಿಲ್ ಗ್ಯಾರೇಜಿನ ವ್ಯಾನಿನಲ್ಲಿರಬೇಕು. ಕಾರ್ಲಾ ಹೋದಳು. ವ್ಯಾನಿನ ಗೋಡೆಯುದ್ದಕ್ಕೂ ಡ್ರಾಯರುಗಳು, ಪ್ರತಿಯೊಂದರಲ್ಲೂ ನೂರು ಸಣ್ಣ ಸಾಮಾನು. ಕರ್ರಗಿದ್ದದ್ದನ್ನು ಕಂಡು ಒಂದು ತಂದಳು. ಆರ್ವಿಡ್ ಅದನ್ನು ನೋಡಿ ಹಣೆ ಚಚ್ಚಿಕೊಂಡ. ಎರಡನೇ ಸಲ ತಂದದ್ದನ್ನು ಕಂಡು ಬೈದ. ಮೂರನೇ ಸಲ ತಂದದ್ದಕ್ಕೆ ಬೈಯುವುದನ್ನೂ ಬಿಟ್ಟು ನಗತೊಡಗಿದ.

"ನಗಿ, ನಗಿ. ನನ್ನ ಮೂಗು ಹೆಪ್ಪುಗಟ್ಟಿ ಉದುರಿಹೋದ್ಮೇಲೂ ಹೀಗೇ ನಗಿ," ಎಂದಳು ಕಾರ್ಲಾ. ನಾಲ್ಕನೇ ಸಲ ಬುದ್ಧಿ ಉಪಯೋಗಿಸಿದಳು. ಎಲ್ಲ ಡ್ರಾಯರುಗಳನ್ನೂ ತೆರೆದಿಟ್ಟು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಬಂದು ಅವನ ಮೊಣಕಾಲ ಮೇಲೆ ಹಿಡಿದಳು. ಆರ್ವಿಡ್ ಬಹಳ ಹೊತ್ತು ಆ ಚಿತ್ರಗಳನ್ನು ನೋಡಿದ. ತನ್ನದೇ ಕೈಬರಹದ ಚೀಟಿಗಳನ್ನು ಓದಲು ಅವನಿಗೆ ಆಗುತ್ತಿರಲಿಲ್ಲ. ಆದರೆ ಯಾವ ಡ್ರಾಯರಿನಲ್ಲಿ ಏನಿಟ್ಟಿದ್ದೆ ಎಂಬುದು ಕಣ್ಣಿಗೆ ಗೊತ್ತಿತ್ತು. ಒಂದು ಡ್ರಾಯರಿನ ಮೇಲೆ ಬೆರಳಿಟ್ಟ. ಅಲ್ಲಿಯೇ ಇತ್ತು, ಜೋಡಿ ಕಾಯಿಲ್, ಪೊಟ್ಟಣ ಒಡೆಯದೆ.

ಮುಂದಿನ ಕೆಲಸ ಒಂದು ಗಂಟೆ ಹಿಡಿಯಿತು. ಅವನು ಆರೋಗ್ಯವಾಗಿದ್ದಾಗ ಹತ್ತು ನಿಮಿಷದ್ದು. ಕಾಯಿಲ್‌ಗಳನ್ನು ಒತ್ತಿಹಿಡಿದ ಪಟ್ಟಿಗೆ ಎರಡು ಸ್ಕ್ರೂ. ಮೊದಲನೆಯದು ಬಂತು. ಎರಡನೆಯದನ್ನು ತಿರುಗಿಸುವಾಗ ಸ್ಕ್ರೂ ಡ್ರೈವರ್ ಜಾರಿ ಕಾರ್ಲಾಳ ಬೆರಳ ಗೆಣ್ಣು ತಗಡಿಗೆ ಉಜ್ಜಿ ರಕ್ತ ಬಂತು. ಅವಳ ಬಾಯಿಂದ ಆರ್ವಿಡ್‌ನದೇ ಬೈಗುಳ ಹೊರಬಿತ್ತು. ಆರ್ವಿಡ್ ತನ್ನ ಜೇಬಿನ ಕರವಸ್ತ್ರ ತೆಗೆದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಕೈಯಿಂದ ಅವಳ ಬೆರಳಿಗೆ ಸುತ್ತಿದ. ಬಿಚ್ಚಿಕೊಂಡ ಸ್ಕ್ರೂ ಎಲ್ಲೋ ಯಂತ್ರದೊಳಕ್ಕೆ ಬಿದ್ದಿತ್ತು. ಅದನ್ನು ಅವನೇ ಆಯಸ್ಕಾಂತ ಹಚ್ಚಿದ ಕಡ್ಡಿ ಆಡಿಸಿ ಹಿಡಿದು ತೆಗೆದ. ಒಂದು ಕಾಯಿಲ್‌ಗೆ ಎರಡು ಕಾಲು, ಇನ್ನೊಂದಕ್ಕೆ ಮೂರು. ಬೇಕೆಂದರೂ ತಪ್ಪಾಗಿ ಕೂರಿಸಲು ಬಾರದು. ಮೊದಲನೆಯದನ್ನು ಕಾರ್ಲಾ ಕೂರಿಸಿದಳು. ಎರಡನೆಯದನ್ನು ತಾನೇ ಕೂರಿಸುತ್ತೇನೆ ಎಂದು ಆರ್ವಿಡ್ ಕೈ ಚಾಚಿದ. ಎಡಗೈಯಿಂದ ಅದು ಮೂರು ಸಲ ಜಾರಿತು. ಕಾರ್ಲಾ ಟಾರ್ಚ್ ಹಿಡಿದು ಕಾದಳು. ನಾಲ್ಕನೇ ಸಲ ಅದು ಸರಿಯಾಗಿ ಕೂತಿತು.

ಪಟ್ಟಿ ಬಿಗಿದು ನಲ್ಲಿ ತೆರೆದರು, ಪ್ಲಗ್ಗು ಹಾಕಿದರು, ಯಂತ್ರ ಚಾಲೂ ಮಾಡಿ ದೀಪ ಆರಿಸಿದರು. ಕಡ್ಡಿ ಕೆಂಪಾಯಿತು. ಕಿತ್ತಳೆಯಾಯಿತು. ಕಟ್. ಅದರ ಹಿಂದೆಯೇ ಯಾರೋ ಉಸಿರು ಬಿಟ್ಟ ಹಾಗೆ ಮೆತ್ತನೆಯ ಒಂದು ಸದ್ದು, ಕೊಳವೆಯ ತುಂಬ ನೀಲಿ ಜ್ವಾಲೆ.

ಕಾರ್ಲಾ ಕೂಗಿ, ಡಬ್ಬದ ಮೇಲಿದ್ದವನನ್ನು ಅಪ್ಪಿಕೊಂಡಳು. ಡಬ್ಬ ಓಲಾಡಿತು. ತಗಡು ಮುಚ್ಚಿ, ಮೇಲೆ ಓಡಿಹೋಗಿ ಎರಡು ದಿನದ ಹಾಸುಗಳನ್ನೆಲ್ಲ ಬಾಚಿ ತಂದು ಯಂತ್ರಕ್ಕೆ ತುಂಬಿದಳು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಕೈಯಿಟ್ಟರೆ ಬೆಚ್ಚಗಿತ್ತು. ಆರ್ವಿಡ್ ತನ್ನ ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಆ ಬೆಚ್ಚಗಿನ ತಗಡಿನ ಮೇಲೆ ಇಟ್ಟುಕೊಂಡ.

"ನಾನು..." ಎಂದ. "ರಾತ್ರಿ... ನಾನು... ದೋಣಿ..." ತಲೆ ಅಲ್ಲಾಡಿಸಿದ. ತಿರುಗುತ್ತಿರುವ ಹಾಸುಗಳ ಕಡೆ ತೋರಿಸಿ, ಅವಳ ಕಡೆ ನೋಡದೆ ಮತ್ತೆ ಪ್ರಯತ್ನಿಸಿದ. ಮಾತು ಬರಲಿಲ್ಲ. ಕ್ಷಮೆ ಕೇಳುತ್ತಿದ್ದಾನೆ ಎಂದು ಕಾರ್ಲಾಗೆ ಗೊತ್ತಾಯಿತು.

ಅವಳು ನೆಲದ ಮೇಲೆ ಅವನ ಪಕ್ಕಕ್ಕೆ ಸರಿದು ಕುಳಿತಳು. "ಕರ್ಟಿಸ್ ಹೋದಾಗ ನಾನು ಹನ್ನೊಂದು ದಿನ ಹಾಸಿಗೆ ಬಿಟ್ಟು ಏಳ್ಲಿಲ್ಲ. ನಿಮಗೆ ನೆನಪಿದೆಯಾ?"

ಆರ್ವಿಡ್ ಯಂತ್ರದ ಬಾಗಿಲನ್ನೇ ದಿಟ್ಟಿಸಿದ.

"ಸ್ನಾನ ಇಲ್ಲ, ಊಟ ಇಲ್ಲ. ಒಂದಿನ ನೀವು ಬಂದ್ರಿ. 'ವಾಷಿಂಗ್ ಮಷೀನ್ ನೋಡ್ಬೇಕು' ಅಂದ್ರಿ. ಅದಕ್ಕೇನಾಗಿತ್ತು? ಏನೂ ಆಗಿರ್ಲಿಲ್ಲ. ಆ ದಿನ ಮನೇಲಿದ್ದ ಕೊಳೆ ಬಟ್ಟೆಯೆಲ್ಲ ಒಗೆದು ಒಣಗಿಸಿದ್ರಿ. ನನ್ನ ಒಳಬಟ್ಟೆ ಕೂಡ. ಇಸ್ತ್ರಿ ಹಾಕಿದ ಹಾಗೆ ಮಡಿಸಿ ಹಾಸಿಗೆ ಪಕ್ಕ ಇಟ್ಟು ಹೋದ್ರಿ. ನಾಚಿಕೆಯಿಂದ ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು. ಆಮೇಲೆ ಆ ಬಟ್ಟೆ ಇನ್ನೂ ಬೆಚ್ಚಗಿತ್ತು ಅಂತ ಮುಖಕ್ಕೆ ಒತ್ಕೊಂಡು ಅತ್ತುಬಿಟ್ಟೆ. ಮಾರನೇ ದಿನ ಎದ್ದೆ." ಅವಳು ಮೂಗು ಒರೆಸಿಕೊಂಡಳು. "ಆ ವಿಷಯ ನೀವು ಇವತ್ತಿನವರೆಗೂ ಒಂದ್ಸಲ ಆದ್ರೂ ಎತ್ತಿದೀರಾ? ಇಲ್ಲ. ಹಾಗಿರೋವಾಗ ನೀವು ನನ್ನ ಹತ್ರ ಏನೂ ಹೇಳ್ಬೇಕಾಗಿಲ್ಲ."

ಡ್ರಮ್ಮು ತಿರುಗುತ್ತಿತ್ತು. ಆರ್ವಿಡ್ ಎಡಗೈ ತಂದು ಅವಳ ತಲೆಯ ಮೇಲಿಟ್ಟ. ಬಟ್ಟೆ ಒಣಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

ಇಳಿದದ್ದು ಸುಲಭವಾಗಿತ್ತು, ಹತ್ತಿದ್ದಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಆರ್ವಿಡ್‌ಗೆ ನಡೆದಾಡಲು ಕಲಿಸಲು ಮನೆಗೆ ಬರುವವನಿಗೆ ವಿಷಯ ತಿಳಿದು ಇಬ್ಬರನ್ನೂ ಚೆನ್ನಾಗಿ ಬೈದ. ಆಮೇಲೆ ಅವನೇ ಮೆಟ್ಟಿಲಿಗೆ ಇನ್ನೊಂದು ಕಟಾಂಜನ ಹಾಕಿಸಿಕೊಟ್ಟ. ಮಾತು ಕಲಿಸುವ ಹುಡುಗಿ ಹಣ್ಣು, ಪ್ರಾಣಿಗಳ ಚಿತ್ರದ ಚೀಟಿಗಳನ್ನು ಚೀಲದಲ್ಲೇ ಬಿಟ್ಟು, ವ್ಯಾನಿನ ಡ್ರಾಯರುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದಳು. ಫೆಬ್ರವರಿ ಕೊನೆಗೆ ಆರ್ವಿಡ್ ಬಾಯಿಗೆ ಇಪ್ಪತ್ತು ಮಾತು ಬಂದಿತ್ತು, ಹೆಚ್ಚಿನವು ಯಂತ್ರದ ಭಾಗಗಳ ಹೆಸರು. ರಾತ್ರಿಯ ತೊಂದರೆಯೂ ನಿಧಾನಕ್ಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಾರ್ಲಾ ಹಾಸು ಒಗೆಯುತ್ತಿದ್ದಳು, ಆತ ಕೆಳಗೆ ಕೂತು ಒಂದೇ ಕೈಯಲ್ಲಿ ಅವನ್ನು ಮಡಿಸಲು ಕಲಿತ.

ಮೇ ತಿಂಗಳಲ್ಲಿ ಬೆಟ್ಟದ ಮೇಲಿನ ಚರ್ಚಿನ ಅಡುಗೆಮನೆ ನೋಡಿಕೊಳ್ಳುವ ಎಲ್‌ವಿರಾ ಎಂಬ ಮುದುಕಿ ಫೋನ್ ಮಾಡಿದಳು. "ಕಾರ್ಲಾ, ನಮ್ಮ ಡ್ರೈಯರ್ ಬಿಸಿಯಾಗ್ತಿಲ್ಲ ಕಣೇ. ಭಾನುವಾರ ಮದುವೆ ಊಟ ಇದೆ, ಮೇಜಿನ ಬಟ್ಟೆಯೆಲ್ಲ ಹಸಿ. ಆರ್ವಿಡ್ ಈಗ ಬರೋ ಹಾಗಿದಾನಾ?"

ಇಬ್ಬರೂ ವ್ಯಾನಿನಲ್ಲಿ ಹೋದರು. ಕಾರ್ಲಾ ಓಡಿಸಿದಳು. ಆರ್ವಿಡ್ ಚರ್ಚಿನ ಒಳಗೆ ಹೋಗುವ ಮೊದಲೇ ಹೊರಗೋಡೆಯ ಕೊಳವೆಯ ಬಾಯಿಯತ್ತ ಊರುಗೋಲು ತಿರುಗಿಸಿದ. ಅದರ ಮುಚ್ಚಳ ಅರ್ಧ ತೆರೆದು ನಿಂತಿತ್ತು, ಒಂದೆರಡು ಹುಲ್ಲಿನೆಳೆ ಹೊರಗೆ ಚಾಚಿದ್ದವು. ಬಗ್ಗಿ ಟಾರ್ಚಿನ ಬೆಳಕು ಬಿಟ್ಟು ನೋಡಿದ. ಕಾರ್ಲಾಳನ್ನೂ ಹತ್ತಿರ ಕರೆದ. ಹುಲ್ಲು, ನೂಲಿನ ಹಿಂಜು, ಯಾವುದೋ ಕರವಸ್ತ್ರದ ಚೂರು ಸೇರಿಸಿ ಕಟ್ಟಿದ ಗೂಡು. ಅದರೊಳಗೆ ಇನ್ನೂ ಪುಕ್ಕ ಬಾರದ ನಾಲ್ಕು ಗುಬ್ಬಿಮರಿಗಳು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವು. ದಾರಿ ಕಟ್ಟಿದ್ದರಿಂದ ಯಂತ್ರ ವಿಪರೀತ ಕಾದು ಒಳಗಿನ ಫ್ಯೂಸ್ ಹೋಗಿರಬೇಕು.

ಎಲ್‌ವಿರಾ ಏಪ್ರನ್‌ನಲ್ಲಿ ಕೈ ಒರೆಸುತ್ತ ಹೊರಗೆ ಬಂದಳು. "ಏನಾಗಿದೆ? ಎಳೆದು ಬಿಸಾಡಿ ಅದನ್ನ. ಒಳಗೇನಿದೆ ಅಂಥದ್ದು?"

ಆರ್ವಿಡ್ ಟಾರ್ಚ್ ಆರಿಸಿದ. ಮಾತು ಹುಡುಕಿದ. ಕಾರ್ಲಾ ನೆರವಿಗೆ ಬರಲಿಲ್ಲ, ಕಾದಳು.

"ಒಳಗೆ," ಎಂದ ಆರ್ವಿಡ್, ಒಂದೊಂದು ಮಾತನ್ನೂ ತೂಕ ಮಾಡಿ ಇಡುವಂತೆ, "ಜನ ಇದಾರೆ."

ಎಲ್‌ವಿರಾ ಬಗ್ಗಿ ನೋಡಿದಳು. "ಥತ್, ಇವರಿಗೂ ಬೇರೆ ಜಾಗ ಸಿಗ್ಲಿಲ್ವಾ?" ಎಂದು ಗೊಣಗಿದಳು. ಆದರೆ ದನಿ ತಗ್ಗಿತ್ತು.

ಕಾರ್ಲಾ ಒಳಗೆ ಹೋಗಿ ಡ್ರೈಯರಿನ ಪ್ಲಗ್ಗು ಕಿತ್ತು, ಯಾರೂ ಹಾಕಬಾರದೆಂದು ಚೀಟಿ ಅಂಟಿಸಿ ಬಂದಳು. ಆರ್ವಿಡ್ ವ್ಯಾನಿನಿಂದ ಹಗ್ಗದ ಸುರುಳಿ ತೆಗೆಸಿದ. ಚರ್ಚಿನ ಹಿಂದೆ ಎರಡು ಮರಗಳ ನಡುವೆ ಕಟ್ಟಿದ ಆ ಹಗ್ಗಕ್ಕೆ ಮೂವರೂ ಸೇರಿ ಮದುವೆಯ ಮೇಜಿನ ಬಟ್ಟೆಗಳನ್ನು ಹರವಿದರು. ಆರ್ವಿಡ್ ಒಂದು ಕೈಯಲ್ಲಿ ಕ್ಲಿಪ್ಪು ಕೊಡುತ್ತಿದ್ದ. ಸರೋವರದಿಂದ ಬರುತ್ತಿದ್ದ ಗಾಳಿಯಲ್ಲಿ ಅವತ್ತು ಚಳಿ ಇರಲಿಲ್ಲ. ತಾಯಿಗುಬ್ಬಿಯೊಂದು ಕೊಕ್ಕಿನಲ್ಲಿ ಹುಳ ಹಿಡಿದು ಬಂದು, ಇವರನ್ನು ಕಂಡು ಮರದ ಮೇಲೆ ಕಾದು, ಇವರು ಬೆನ್ನು ತಿರುಗಿಸಿದ ಮೇಲೆ ಸರ್ರನೆ ಕೊಳವೆಯೊಳಗೆ ನುಗ್ಗಿತು.